ಮೂರು ಮೆಟ್ಟಿಲಿನ ತೊಟ್ಟಿ

ಮೊನ್ನೆ ಮೈಸೂರಿನ ಹೊರವಲಯದಲ್ಲಿ ಒಂದು ಹೊಸ ಘಟಕದ ಉದ್ಘಾಟನೆಗೆ ನನ್ನನ್ನೂ ಕರೆದಿದ್ದರು. ಊರಿನ ಚರಂಡಿ ನೀರನ್ನು ಶುದ್ಧ ಮಾಡಿ ಸುತ್ತಲಿನ ರೈತರ ಹೊಲಕ್ಕೆ ಬಿಡುವ ಘಟಕ. ಇದೇ ಕೆಲಸದಲ್ಲಿ ತಲೆ ಬೆಳ್ಳಗೆ ಮಾಡಿಕೊಂಡ ಮುದುಕ ಎಂದು ನನಗೊಂದು ಶಾಲು, ಮುಂದಿನ ಸಾಲಿನಲ್ಲಿ ಒಂದು ಕುರ್ಚಿ. ಗೇಟು ದಾಟುತ್ತಿದ್ದ ಹಾಗೇ ನೆನೆದ ಜಲ್ಲಿಯ ವಾಸನೆ ಮೂಗಿಗೆ ಬಂತು. ಕೊಳೆತ ವಾಸನೆಯಲ್ಲ, ಒಳ್ಳೆಯ ವಾಸನೆಯೇ. ಆದರೂ ನಾನು ಅಲ್ಲೇ ನಿಂತುಬಿಟ್ಟೆ. ಭಾಷಣಗಳೆಲ್ಲ ಮುಗಿದ ಮೇಲೆ ಒಬ್ಬ ಅಧಿಕಾರಿ ಗಾಜಿನ ಲೋಟದಲ್ಲಿ ಆ ನೀರು ಹಿಡಿದು, ಬಿಸಿಲಿಗೆ ಎತ್ತಿ ತೋರಿಸಿ, ಫೋಟೊದವರತ್ತ ನಗುತ್ತ ತುಟಿಗೆ ಇಟ್ಟ. ನಾನು ಎದ್ದು ನಿಂತು "ಕುಡೀಬೇಡ ಕಣಯ್ಯಾ!" ಎಂದು ಕೂಗಿಬಿಟ್ಟೆ. ಸಭೆಯೆಲ್ಲ ಗೊಳ್ಳೆಂದಿತು. ಮುದುಕನಿಗೆ ಅರಳು ಮರಳು ಅಂದುಕೊಂಡಿರಬೇಕು. ಆ ನೀರು ಕುಡಿಯುವಷ್ಟು ಶುದ್ಧವೇ ಇತ್ತೋ ಏನೋ, ಈಗಿನ ಯಂತ್ರಗಳ ವಿಷಯ ನನಗೆ ಗೊತ್ತಿಲ್ಲ. ನನಗೆ ಗೊತ್ತಿರುವುದು ಸೋಮವಾರಪೇಟೆಯ ಆ ಒಂದು ವರ್ಷ.

ಆಗ ಕೊಡಗು ಬೇರೆ ರಾಜ್ಯ. ಮಡಿಕೇರಿಯಲ್ಲೇ ಸರ್ಕಾರ, ಮಡಿಕೇರಿಯಲ್ಲೇ ಮಂತ್ರಿಗಳು. ಹುಣಸೂರು ಕಡೆಯ ನಾನು ಹೆಲ್ತ್ ಇನ್ಸ್‌ಪೆಕ್ಟರ್ ತರಬೇತಿ ಮುಗಿಸಿ ಅಲ್ಲಿ ಕೆಲಸಕ್ಕೆ ಸೇರಿದ್ದೆ. ಮದುವೆಯಾಗಿ ಒಂದು ವರ್ಷ ತುಂಬಿತ್ತು. ಹೆಂಡತಿ ಲಲಿತೆಗೆ ಸೋಮವಾರಪೇಟೆಯ ಚಳಿ ಹಿಡಿಸಿರಲಿಲ್ಲ, ಸಂತೆ ಹಿಡಿಸಿತ್ತು. ಸೋಮವಾರ ಬಂತೆಂದರೆ ಕೈಚೀಲ ಹಿಡಿದು ಹೊರಟುಬಿಡುವಳು. ಸೊಪ್ಪು ಅಂದರೆ ಅವಳಿಗೆ ಪ್ರಾಣ.

ಆ ಸೊಪ್ಪಿನ ಹಿಂದೆ ಬಿದ್ದೇ ನಾನು ಪುಟ್ಟೇಗೌಡನ ಹೊಲಕ್ಕೆ ಹೋದದ್ದು. ಪೇಟೆಯ ಚರಂಡಿಗಳೆಲ್ಲ ಸೇರಿ ಇಳಿಜಾರಿನಲ್ಲಿ ಒಂದು ತೋಡಾಗಿ ಹರಿಯುತ್ತಿದ್ದವು. ಹೋಟೆಲಿನ ಮುಸುರೆ, ಬಟ್ಟೆ ಒಗೆದ ನೀರು, ಬಚ್ಚಲು, ಹೇಳಬಾರದ ಇನ್ನೂ ಎಷ್ಟೋ ಅದರಲ್ಲಿ. ಆ ತೋಡು ಮುಗಿಯುತ್ತಿದ್ದದ್ದೇ ಪುಟ್ಟೇಗೌಡನ ಜಮೀನಿನಲ್ಲಿ. ಅವರಪ್ಪ ಅರಕಲಗೂಡು ಕಡೆಯಿಂದ ಬಂದು ಅಲ್ಲಿ ನೆಲೆ ನಿಂತವನು. ಈಗ ಅದೊಂದು ಏಳೆಂಟು ಮನೆಯ ಕೇರಿ, ಎಲ್ಲರೂ ನೆಂಟರೇ. ಚರಂಡಿ ನೀರಿನಲ್ಲಿ ಕೊತ್ತಂಬರಿ, ಮೂಲಂಗಿ, ದಂಟು ಹುಲುಸಾಗಿ ಬೆಳೆದು ಸೋಮವಾರ ಸಂತೆಗೆ ಹೋಗುತ್ತಿತ್ತು. ಮಳೆಗಾಲ ಕಳೆದ ಮೇಲೆ ಪ್ರತಿ ವರ್ಷ ಪೇಟೆಯಲ್ಲಿ ಜ್ವರ.

"ಇದನ್ನು ಕಿತ್ತುಹಾಕಬೇಕು" ಎಂದೆ.

ಪುಟ್ಟೇಗೌಡ ಗಟ್ಟಿ ಆಳು, ಮಾತು ಕಡಿಮೆ. "ಕಿತ್ತಾಕಿ ಏನ್ ತಿನ್ಲಿ ಸಾ? ನೀರ್ ನೀವೇ ಕಳಿಸ್ತೀರಿ, ಬೆಳ್ದ್ ಮ್ಯಾಲೆ ನೀವೇ ಕೀಳಿ ಅಂತೀರಿ" ಅಂದ.

ಅವನು ಹೇಳಿದ್ದು ನ್ಯಾಯವೇ. ನನಗೆ ತರಬೇತಿಯಲ್ಲಿ ಓದಿದ ಪಾಠ ನೆನಪಾಯಿತು. ಕೊಳಚೆ ನೀರನ್ನು ಒಂದು ಹೊಂಡದಲ್ಲಿ ನಿಲ್ಲಿಸಿದರೆ ಗಷ್ಟು ತಳ ಸೇರುತ್ತದೆ. ಅಲ್ಲಿಂದ ಇನ್ನೊಂದು ಅಗಲವಾದ, ಆಳವಿಲ್ಲದ ಹೊಂಡಕ್ಕೆ ಬಿಟ್ಟು ದಿನಗಟ್ಟಲೆ ಬಿಸಿಲಿಗೆ ಇಟ್ಟರೆ ರೋಗದ ಕ್ರಿಮಿಗಳು ಬಹುಪಾಲು ಸಾಯುತ್ತವೆ. ಆಮೇಲೆ ಜಲ್ಲಿ, ಮರಳಿನ ಹಾಸಿನ ಮೇಲೆ ಹಾಯಿಸಿದರೆ ತಿಳಿಯಾಗುತ್ತದೆ. ಅದನ್ನು ಬಾಳೆಗೆ, ಹುಲ್ಲಿಗೆ, ಬೇಯಿಸಿ ತಿನ್ನುವ ಬೆಳೆಗೆ ಕೊಡಬಹುದು. ಹಸಿಯಾಗಿ ತಿನ್ನುವುದಕ್ಕೆ ಬೇಡ, ಕುಡಿಯುವುದಕ್ಕಂತೂ ಬೇಡವೇ ಬೇಡ. ಇಷ್ಟು ಪಾಠ. ಮೇಲಿನವರಿಗೆ ಬರೆದು, ಕಾಡಿ ಬೇಡಿ, ಒಪ್ಪಿಗೆ ತಂದೆ. ಬೇಸಿಗೆಯಲ್ಲಿ ಕೇರಿಯವರೇ ಹಾರೆ, ಗುದ್ದಲಿ ಹಿಡಿದು ಹೊಂಡಗಳನ್ನು ತೋಡಿದರು. ಪುಟ್ಟೇಗೌಡನ ತಾಯಿ ನಿಂಗಮ್ಮಜ್ಜಿ ಬದುವಿನ ಮೇಲೆ ಕೂತು ಎಲೆ ಅಡಿಕೆ ಹಾಕುತ್ತ ಎಲ್ಲರಿಗೂ ಅಪ್ಪಣೆ ಮಾಡುತ್ತಿದ್ದಳು. ನನ್ನನ್ನು ಮೊದಲ ದಿನವೇ "ಮಗ" ಅಂದಳು. "ಕೊಚ್ಚೆ ಹಿಡ್ಕಂಡು ಅದೇನ್ ಪೂಜೆ ಮಾಡ್ತೀಯೋ ಮಗ, ನೋಡೇಬುಡಾನ" ಎಂದು ಚುಡಾಯಿಸುತ್ತಿದ್ದಳು.

ಹಾಸಿನಿಂದ ಇಳಿದ ನೀರು ಸೇರುವುದಕ್ಕೆ ಕೊನೆಯಲ್ಲಿ ಒಂದು ತೊಟ್ಟಿ ಬೇಕಿತ್ತು. ಅದನ್ನು ನಾನು ಮಣ್ಣಿನ ಗುಂಡಿಯಾಗಿ ಬಿಡಬಹುದಿತ್ತು. ಬಿಡಲಿಲ್ಲ. ನೋಡಲು ಬರುವವರ ಕಣ್ಣಿಗೆ ಚೆನ್ನಾಗಿರಲಿ ಎಂದು ಕಲ್ಲು ಕಟ್ಟಿಸಿದೆ, ನೀರಿನ ಮಾದರಿ ತೆಗೆಯಲು ಅನುಕೂಲವಾಗಲಿ ಎಂದು ಮೂರು ಮೆಟ್ಟಿಲು ಇಳಿಸಿದೆ. ಸುತ್ತ ಕಾಬಾಳೆ ಹೂವಿನ ಗಿಡ ನೆಟ್ಟೆ. ಕಲ್ಲು ಕಟ್ಟಿ ಮೆಟ್ಟಿಲು ಇಳಿಸಿದ ತೊಟ್ಟಿಗೆ ನಮ್ಮ ಜನ ಏನೆಂದು ಹೆಸರಿಟ್ಟುಕೊಳ್ಳುತ್ತಾರೆ ಎಂದು ನಮ್ಮ ಜನರಲ್ಲೇ ಹುಟ್ಟಿ ಬೆಳೆದ ನನಗೆ ಹೊಳೆಯಬೇಡವೇ? ಹೊಳೆಯಲಿಲ್ಲ.

ಮಳೆಗಾಲ ಪೂರ್ತಿ ಹೆದರಿಕೆಯಲ್ಲೇ ಕಳೆಯಿತು. ಸೋಮವಾರಪೇಟೆಯ ಮಳೆ ಹೊಡೆಯುತ್ತಿದ್ದರೆ ನಾನು ದಿನಕ್ಕೆ ಮೂರು ಸಲ ಓಲೆಯ ಗೊರಬೆ ಹೊದ್ದು ಹೊಂಡದ ಏರಿ ನೋಡಿಬರುತ್ತಿದ್ದೆ. ಒಡೆದರೆ ನಿಂತ ಕೊಳೆಯೆಲ್ಲ ಕೇರಿಯ ಬಾವಿಗೇ ನುಗ್ಗುತ್ತಿತ್ತು. ಏರಿ ಒಡೆಯಲಿಲ್ಲ. ಬಾವಿಯ ಒಂದು ಮಗ್ಗುಲು ಮಾತ್ರ ತಾನಾಗಿ ಕುಸಿದು ನೀರು ಕೆಂಪಗೆ ರಾಡಿಯಾಯಿತು. ಕೇರಿಯವರು ಅದನ್ನೇ ಸೋಸಿ ಕುಡಿಯುತ್ತಿದ್ದರು.

ಮಳೆ ಹೊಳವಾಗಿ ಬಿಸಿಲು ಬಂದಾಗ ತೊಟ್ಟಿ ನೋಡಬೇಕಿತ್ತು! ತಳದ ಕಲ್ಲು ಎಣಿಸಬಹುದಿತ್ತು. ಕಾಬಾಳೆ ಕೆಂಪು ಹೂ ಬಿಟ್ಟಿತ್ತು. ಮಡಿಕೇರಿಯಿಂದ ಮೇಲಧಿಕಾರಿಗಳು ಜೀಪಿನಲ್ಲಿ ಬಂದರು, ಕೇರಿಗೆ ಕೇರಿಯೇ ಸೇರಿತು. ದೊಡ್ಡ ಸಾಹೇಬರು ಮೂಗಿಗೆ ಕರವಸ್ತ್ರ ಹಿಡಿದೇ ಇದ್ದರು. ನನಗೆ ರೇಗಿತು. ಸರಸರನೆ ಮೂರು ಮೆಟ್ಟಿಲು ಇಳಿದು, ಬೊಗಸೆ ತುಂಬ ನೀರು ಎತ್ತಿ ಎಲ್ಲರೆದುರು ಮುಖ ತೊಳೆದುಕೊಂಡೆ. ಬಾಯಿ ಬಿಗಿಯಾಗಿ ಮುಚ್ಚಿಕೊಂಡಿದ್ದೆ, ಅದು ಯಾರಿಗೂ ಕಾಣಲಿಲ್ಲ. ಸಾಹೇಬರು ಕರವಸ್ತ್ರ ತೆಗೆದು "ಶಹಭಾಸ್" ಎಂದರು. ನಿಂಗಮ್ಮಜ್ಜಿ ಗಲ್ಲದ ಮೇಲೆ ಕೈಯಿಟ್ಟು ನನ್ನನ್ನೇ ನೋಡುತ್ತಿದ್ದಳು. ಆ ದಿನ ನನ್ನ ಕಾಲು ನೆಲದ ಮೇಲೆ ನಿಲ್ಲಲಿಲ್ಲ.

ಅದಾಗಿ ಕೆಲವೇ ವಾರಕ್ಕೆ ತುಲಾ ಸಂಕ್ರಮಣ. ಆ ಮುಹೂರ್ತಕ್ಕೆ ತಲಕಾವೇರಿಯಲ್ಲಿ ತೀರ್ಥ ಉಕ್ಕುತ್ತದೆ. ಅಲ್ಲಿಗೆ ಹೋಗಲಾರದವರಿಗಾಗಿ ನಾಡಿನ ಬಾವಿ, ಕೆರೆ ಎಲ್ಲದರಲ್ಲೂ ಕಾವೇರಮ್ಮ ಬಂದು ಹೋಗುತ್ತಾಳೆ ಎಂಬುದು ಕೊಡಗಿನ ನಂಬಿಕೆ. ಆ ವರ್ಷ ಮುಹೂರ್ತ ಬೆಳಿಗ್ಗೆ ಬಂದಿತ್ತು. ನಾನು ಕ್ಷೌರ ಮಾಡಿಕೊಳ್ಳುತ್ತಿದ್ದೆ. ಬಾಗಿಲಲ್ಲಿ "ತಾಯೀ" ಎಂಬ ಕೂಗು. ನಿಂಗಮ್ಮಜ್ಜಿ ಒದ್ದೆ ಸೀರೆಯಲ್ಲಿ, ಕೈಯಲ್ಲಿ ಹೂ ಮುಚ್ಚಿದ ತಾಮ್ರದ ಚೊಂಬು ಹಿಡಿದು ನಿಂತಿದ್ದಳು.

"ಬಸ್ರಿ ಹೆಂಗ್ಸು, ಮೊದ್ಲು ನೀನ್ ತಗೋ ತಾಯಿ" ಎಂದು ಲಲಿತೆಯ ಕೈಗೆ ತೀರ್ಥ ಹಾಕಿದಳು. ಅವಳಿಗೆ ಆಗ ಏಳು ತಿಂಗಳು. ಭಕ್ತಿಯಿಂದ ಕುಡಿದು, ಉಳಿದ ಪಸೆಯನ್ನು ತಲೆಗೂ ಹೊಟ್ಟೆಗೂ ಸವರಿಕೊಂಡಳು. ಆಮೇಲೆ ನನ್ನ ಸರದಿ. ಕೈಯೊಡ್ಡಿದೆ. ಬಾಯಿಯ ಹತ್ತಿರ ತಂದೆ. ಮೂಗಿಗೆ ನೆನೆದ ಜಲ್ಲಿಯ ವಾಸನೆ ಬಂತು.

"ಅಜ್ಜೀ, ಇದು ಎಲ್ಲಿಂದ ತಂದ್ರಿ?"

"ಇನ್ನೆಲ್ಲಿಂದ ಮಗ? ಬಾವಿ ರಾಡಿ ಆಗೈತೆ, ಅವ್ವ ಅದ್ರಾಗೆ ಬಂದಾಳೆ? ನಿನ್ ಕಲ್ಯಾಣಿಗೇ ಬಂದವ್ಳೆ. ಕೊಚ್ಚೆ ಹೋಗಿ ಅಂಗ್ ತಿಳಿಯಾಗೈತೆ ಅಂದ್ರೆ ಅದು ಮನ್ಸ್ರ ಕೆಲ್ಸ ಅಂದ್ಕಂಡ್ಯಾ? ನಮ್ ಕೇರಿಯೋರೆಲ್ಲ ಮಿಂದು ಕುಡ್ದವ್ರೆ. ನೀನೇ ಮುಖ ತೊಳ್ಕಂಡ್ಯಲ್ಲಪ್ಪ ಅವತ್ತು."

ಇನ್ನು ನಾನು ಮಾಡಿದ್ದನ್ನು ಹೇಳಲೇಬೇಕು. ಬೆರಳು ಸಡಿಲ ಬಿಟ್ಟೆ. ತೀರ್ಥವೆಲ್ಲ ಸಂದಿಯಲ್ಲಿ ಸೋರಿ ಪಂಚೆಯ ಮೇಲೆ ಬಿತ್ತು. ಬರೀ ಅಂಗೈಯನ್ನು ತುಟಿಗೆ ಒತ್ತಿ, ಕುಡಿದವನ ಹಾಗೆ ಕತ್ತು ಎತ್ತಿ, ತಲೆಗೆ ಕೈ ಸವರಿಕೊಂಡೆ. ಪಕ್ಕದಲ್ಲೇ ನನ್ನ ಹೆಂಡತಿ ನಿಜವಾಗಿ ಕುಡಿದು ನಿಂತಿದ್ದಳು. ಬಾಯಿ ಬಿಟ್ಟು ಒಂದು ಮಾತು ಹೇಳಲಿಲ್ಲ. ಹೇಳಿದರೆ ಹೊಂಡ ಮುಚ್ಚಿಸುತ್ತಾರೆ, ಸಾಹೇಬರೆದುರು ತಲೆ ಎತ್ತುವ ಹಾಗಿಲ್ಲ, ಕೆಲಸವೂ ಹೋದೀತು. ಕುಡಿದದ್ದಂತೂ ಆಗಿದೆ, ಬಸುರಿಯನ್ನು ಹೆದರಿಸಿ ಏನು ಪ್ರಯೋಜನ? ಹೀಗೆಲ್ಲ ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಪುಕ್ಕಲನಿಗೆ ಕಾರಣಗಳಿಗೆ ಬರವಿಲ್ಲ.

ಅವತ್ತೇ ಕೇರಿಗೆ ಓಡಿದೆ. ಪೇಟೆಯಲ್ಲಿ ಜ್ವರ ಬಂದಿದೆ, ಎಲ್ಲರೂ ನೀರು ಕಾಯಿಸಿ ಕುಡಿಯಿರಿ ಎಂದು ಸುಳ್ಳು ಹೇಳಿದೆ. ತೊಟ್ಟಿಗೆ ಮುಳ್ಳು ಹಾಕಿಸಿದೆ, ದನ ಬೀಳದಿರಲಿ ಎಂದು ಇನ್ನೊಂದು ಸುಳ್ಳು. ಆಮೇಲೆ ದಿನ ಲೆಕ್ಕ ಹಾಕುತ್ತ ಕೂತೆ. ವಿಷಮಶೀತ ಜ್ವರ, ಅದೇ ಟೈಫಾಯ್ಡ್, ಒಳಗೆ ಹೊಕ್ಕ ಮೇಲೆ ಕಾಣಿಸಿಕೊಳ್ಳಲು ಒಂದರಿಂದ ಮೂರು ವಾರ. ಬೆಳಗಾದರೆ ಲಲಿತೆಯ ಹಣೆ ಮುಟ್ಟುವೆ. ಅವಳು ಎರಡು ತುತ್ತು ಕಡಿಮೆ ಉಂಡರೆ ನನಗೆ ಅನ್ನ ಇಳಿಯದು. ಕೆಮ್ಮಿದರೆ ಬೆವರು. ಬಸುರಿಯರಿಗೆ ಆ ಜ್ವರ ಬಂದರೆ ಮಗು ಉಳಿಯುವುದು ಕಷ್ಟ ಎಂದು ಪುಸ್ತಕದಲ್ಲಿ ಓದಿದ್ದೆ. ಓದಿರದಿದ್ದರೆ ಎಷ್ಟು ಚೆನ್ನಾಗಿತ್ತು ಅನ್ನಿಸುತ್ತಿತ್ತು.

"ಏನ್ರೀ ಇದು, ದಿನಾ ಹಣೆ ಮುಟ್ತೀರಿ? ಮದುವೆಯಾದ ಹೊಸತರಲ್ಲೂ ಇಷ್ಟು ಅಕ್ಕರೆ ಕಾಣಲಿಲ್ಲ" ಎಂದು ಅವಳು ನಗುತ್ತಿದ್ದಳು.

ಹದಿಮೂರನೆಯ ದಿನ ಪುಟ್ಟೇಗೌಡ ಬಂದ. ಅಂಗಳದಲ್ಲೇ ನಿಂತು ಟವೆಲು ಹಿಂಡುತ್ತಿದ್ದ.

"ಅವ್ವಂಗೆ ನಾಕ್ ದಿನದಿಂದ ಜ್ವರ ಸಾ. ಮಾತ್ರೆ ಕೊಟ್ಟವ್ರೆ, ಇಳೀವಲ್ದು. ನೀವೊಸಿ ಬಂದು ಡಾಕ್ಟ್ರಿಗೆ ಹೇಳಿದ್ರೆ…"

ಅವನ ಹಿಂದೆಯೇ ಹೋದೆ. ಅಜ್ಜಿ ಆಸ್ಪತ್ರೆಯ ಮಂಚದ ಮೇಲೆ ಕಣ್ಣು ಅರೆಮುಚ್ಚಿ ಮಲಗಿದ್ದಳು. ನನ್ನ ಗುರುತು ಹತ್ತಿ "ಬಂದ್ಯಾ ಮಗ" ಅಂದಳು. ನಮ್ಮ ಡಾಕ್ಟರು ವಿರಾಜಪೇಟೆ ಕಡೆಯ ಕೊಡವರು, ಖಡಕ್ ಮನುಷ್ಯ, ಆದರೆ ಕೈಗುಣ ಒಳ್ಳೆಯದು. "ಮಲೇರಿಯ ಕಣ್ರೀ. ಈ ಸೀಸನ್‌ಗೆ ತೋಟದ ಕೂಲಿ ಲೈನ್‌ನಲ್ಲಿ ಅರ್ಧ ಜನ ಮಲಗಿದ್ದಾರೆ. ಇನ್ನೆರಡು ದಿನ ನೋಡುವ. ಏನು, ನಿಮಗೆ ಬೇರೆ ಏನಾದರೂ ಅನುಮಾನ ಇದೆಯಾ?" ಎಂದು ನೇರ ಕೇಳಿದರು.

ಬಾಯಿ ತೆರೆದೆ. "ಇಲ್ಲ ಸಾರ್" ಎಂದುಬಿಟ್ಟೆ.

ಆ ಎರಡು ದಿನ ನಾನು ಮನುಷ್ಯನಾಗಿರಲಿಲ್ಲ. ಕಚೇರಿಯಲ್ಲಿ ಕೂತರೆ ಬಾಗಿಲ ಸದ್ದಿಗೆಲ್ಲ ಬೆಚ್ಚುತ್ತಿದ್ದೆ. ಕೇರಿಯಿಂದ ಇನ್ನೊಬ್ಬರು ಮಲಗಿದ ಸುದ್ದಿ ಬರುತ್ತದೆ ಎಂದೇ ಕಾಯುತ್ತಿದ್ದೆ. ಎರಡನೆಯ ದಿನ ಸಂಜೆ ಮನೆಗೆ ಬಂದರೆ ದೀಪ ಹಚ್ಚುವ ಹೊತ್ತಿನಲ್ಲಿ ಲಲಿತೆ ಚಾಪೆಯ ಮೇಲೆ ಮಲಗಿದ್ದಳು. ಹಣೆ ಮುಟ್ಟಿದೆ. ಬಿಸಿ! ಅವಳ ಕಾಲ ಬಳಿ ಕುಸಿದು ಕೂತು ಗೊಳೋ ಎಂದು ಅತ್ತುಬಿಟ್ಟೆ. ಅಳುತ್ತಲೇ ಎಲ್ಲ ಹೇಳಿದೆ.

ಅವಳು ಎದ್ದು ಕೂತಳು. ಒಲೆಯ ಮುಂದೆ ಹಸಿ ಸೌದೆ ಊದಿ ಊದಿ ಸುಸ್ತಾಗಿ ಆಗ ತಾನೆ ಮಲಗಿದ್ದಳಂತೆ. ಬಿಸಿ ಆ ಬೆಂಕಿಯದ್ದು. ಎಲ್ಲ ಕೇಳಿದ ಮೇಲೆ ಒಂದೇ ಪ್ರಶ್ನೆ ಕೇಳಿದಳು.

"ನೀವು ಕುಡಿದಿರಾ?"

"ಇಲ್ಲ."

ಅವಳು ನನ್ನ ಕೈಗಳನ್ನೇ ನೋಡಿದಳು. ಬೈದಿದ್ದರೆ ವಾಸಿಯಿತ್ತು.

"ಆ ಮುದುಕಿ ಆರು ದಿನದಿಂದ ಮಲಗಿದ್ದಾಳೆ. ನೀವು ಇಲ್ಲಿ ನನ್ನ ಹಣೆ ಮುಟ್ತಾ ಕೂತಿದ್ದೀರಿ. ಏಳ್ರೀ."

"ನಿನಗೆ ಈ ಸ್ಥಿತೀಲಿ…"

"ಏಳ್ರೀ ಅಂದೆ!"

ಶಾಲು ಹೊದ್ದು ಅವಳೇ ಮುಂದೆ ನಡೆದಳು. ಏಳು ತಿಂಗಳು ದಾಟಿದ ಬಸುರಿಯ ಹಿಂದೆ ತಪ್ಪು ಮಾಡಿದ ಕೂಸಿನಂತೆ ನಾನು. ಡಾಕ್ಟರು ಊಟಕ್ಕೆ ಕೂರುವವರಿದ್ದರು. ನಿಂತೇ ಕೇಳಿದರು. ಮುಖ ಕಪ್ಪಿಟ್ಟಿತು.

"ನಾನು ಬಾಯಿ ಬಿಟ್ಟು ಕೇಳಿದೆ ಅಲ್ಲವೇನ್ರೀ ನಿಮ್ಮನ್ನು? ಎರಡು ದಿನ! ಎರಡು ದಿನ ತಿಂದು ಹಾಕಿದಿರಲ್ಲ ಮಾರಾಯ್ರೇ!"

ರಕ್ತ ಪರೀಕ್ಷೆಗೆ ಮಡಿಕೇರಿಗೆ ಹೋಯಿತು. ಆ ಜ್ವರಕ್ಕೆಂದು ಆಗಷ್ಟೇ ಬಂದಿದ್ದ ಹೊಸ ಮಾತ್ರೆ ಮರುದಿನದ ಬಸ್ಸಿನಲ್ಲಿ ಅಲ್ಲಿಂದ ಬಂತು. ಪರೀಕ್ಷೆಯಲ್ಲೂ ಅದೇ ಜ್ವರ ಎಂದಾಯಿತು. ರಾಡಿಯಾದ ಬಾವಿಯಿಂದಲೂ ಬಂದಿರಬಹುದು, ಹೇಳಲಾಗದು ಎಂದರು ಡಾಕ್ಟರು. ನನಗೆ ಹಾಗೆ ಸುಲಭವಾಗಿ ಬಿಡುಗಡೆ ಬೇಕಿರಲಿಲ್ಲ. ಕೇರಿಯವರನ್ನೆಲ್ಲ ಸೇರಿಸಿ, ಕೈಮುಗಿದು, ನಡೆದದ್ದನ್ನು ಹೇಳಿದೆ. ತಿಳಿಯಾದ ನೀರೆಲ್ಲ ಕುಡಿಯುವ ನೀರಲ್ಲ, ಅದು ಭೂಮಿ ಕುಡಿಯುವ ನೀರು, ಮುಖ ತೊಳೆದು ಮೆರೆದ ನಾನು ಮೂರ್ಖ ಎಂದೆ. ಒಂದಿಬ್ಬರು ಹೊಡೆಯಲು ಎದ್ದರು. ಪುಟ್ಟೇಗೌಡ ತಡೆದ. ನನ್ನ ಮುಖ ಮಾತ್ರ ನೋಡಲಿಲ್ಲ. ಮನೆಮನೆಗೆ ಹೋಗಿ, ದೇವರ ಗೂಡಿನಲ್ಲಿ ತೆಗೆದಿಟ್ಟಿದ್ದ ತೀರ್ಥವನ್ನೆಲ್ಲ ಚೆಲ್ಲಿಸಿದೆ. ಮೆಟ್ಟಿಲು ಕೀಳಿಸಿ, ತೊಟ್ಟಿ ಮುಚ್ಚಿ, ಹಾಸಿನಿಂದ ಇಳಿದ ನೀರು ಮಣ್ಣಿನ ಕೊಳವೆಯಲ್ಲಿ ನೆಲದೊಳಗೇ ಬಾಳೆಯ ಬುಡ ಸೇರುವ ಹಾಗೆ ಮಾಡಿಸಿದೆ. ಚೊಂಬು ಅದ್ದಲು ಎಲ್ಲೂ ಜಾಗ ಉಳಿಯಲಿಲ್ಲ. ಮಡಿಕೇರಿಗೆ ತಪ್ಪೊಪ್ಪಿಗೆ ಬರೆದೆ. ಕೆಲಸ ಹೋಗಲಿಲ್ಲ, ಛೀಮಾರಿ ಬಂತು. ಹೊಂಡಗಳೂ ಉಳಿದವು.

ಇನ್ನು ಯಾರೂ ಮಲಗಲಿಲ್ಲ. ಮೂರು ವಾರ ಕಳೆದು ಲಲಿತೆಗೆ ಏನೂ ಆಗಲಿಲ್ಲ. ಯಾಕೆ ಆಗಲಿಲ್ಲ ಎಂದು ಇವತ್ತಿಗೂ ನನಗೆ ಗೊತ್ತಿಲ್ಲ. ಅಜ್ಜಿ ಬದುಕಿದಳು. ತಿಂಗಳ ಮೇಲೆ ಎದ್ದು ಕೂತಾಗ ಕೂದಲೆಲ್ಲ ಉದುರಿತ್ತು, ಎರಡು ಕಿವಿಯೂ ಪೂರಾ ಹೋಗಿತ್ತು. ಔಷಧ ತಡವಾದರೆ ಹೀಗೂ ಆಗುತ್ತದೆ ಎಂದು ಡಾಕ್ಟರು ನನ್ನ ಕಡೆ ನೋಡದೆ ಹೇಳಿದರು.

ಪುಷ್ಯ ಮಾಸದಲ್ಲಿ ನಮಗೆ ಹೆಣ್ಣು ಮಗು ಹುಟ್ಟಿತು. ನಾಮಕರಣಕ್ಕೆ ಕೇರಿಯವರನ್ನು ಲಲಿತೆಯೇ ಹೋಗಿ ಕರೆದು ಬಂದಿದ್ದಳು. ಬರುತ್ತಾರೆಂದು ನಾನು ನಂಬಿರಲಿಲ್ಲ, ಬಂದರು. ಅಜ್ಜಿಯನ್ನು ಪುಟ್ಟೇಗೌಡ ಕೈಹಿಡಿದು ಕರೆತಂದಿದ್ದ. ಮಗುವನ್ನು ತೊಡೆಯ ಮೇಲೆ ಹಾಕಿಸಿಕೊಂಡು ಅವಳು, ಕಿವುಡಾದವರ ದೊಡ್ಡ ದನಿಯಲ್ಲಿ, ನೆರೆದವರಿಗೆಲ್ಲ ಹೇಳಿದಳು: "ಸತ್ತೇ ಹೋಗ್ತಿದ್ದೆ ಕಣ್ರವ್ವಾ. ಅವತ್ತು ಕುಡ್ದಿದ್ ತೀರ್ಥ ನನ್ನ ಉಳಿಸ್ತು."

ಆ ನೀರಿನ ನಿಜವನ್ನು ಅವಳಿಗೆ ಯಾರೂ ತಿಳಿಸಿರಲಿಲ್ಲ. ಅಜ್ಜಿ ಸೊಂಟದ ಚೀಲಕ್ಕೆ ಕೈಹಾಕಿ, ಬಟ್ಟೆ ಸುತ್ತಿದ ಒಂದು ಪುಟ್ಟ ಸೀಸೆ ತೆಗೆದಳು. ಮನೆಮನೆಯ ಗೂಡು ಹುಡುಕಿದ್ದ ನಾನು ಆಸ್ಪತ್ರೆಯಲ್ಲಿ ಮಲಗಿದ್ದವಳ ಎಲೆ ಅಡಿಕೆ ಚೀಲ ನೋಡಿರಲಿಲ್ಲ. ಬಿರಡೆ ಬಿಚ್ಚಿ, ಬೆರಳು ಅದ್ದಿ, ಆ ಬೆರಳನ್ನು ಮಗುವಿನ ತುಟಿಗೆ ತಂದಳು.

ಹೇಗೆ ಹಾರಿದೆನೋ ಗೊತ್ತಿಲ್ಲ. ಅವಳ ಮುಂಗೈ ಹಿಡಿದು ಆಚೆಗೆ ತಿರುಚಿದೆ. ಮೂಳೆ ಚರ್ಮವಾಗಿದ್ದ ಕೈ. ಸೀಸೆ ಬಿದ್ದು ಒಡೆಯಿತು. ಮಗು ಬೆಚ್ಚಿ ಚೀರಿತು. ಲಲಿತೆ ಅದನ್ನು ಎತ್ತಿಕೊಂಡಳು.

ಅಜ್ಜಿ ಮುಂಗೈ ಒತ್ತಿಕೊಳ್ಳುತ್ತ ನನ್ನನ್ನು ನೋಡಿದಳು. "ನಾನೇನ್ ತಪ್ ಮಾಡ್ದೆ ಮಗ?"

ಹೇಳಿದೆ. ಎಲ್ಲವನ್ನೂ ಹೇಳಿದೆ. ಅದು ಯಾವ ನೀರು, ಅವಳ ಕಿವಿ ಹೋದದ್ದು ಯಾರಿಂದ, ಆ ದಿನ ಅವಳು ಕೊಟ್ಟ ತೀರ್ಥವನ್ನು ನಾನು ಏನು ಮಾಡಿದೆ, ಎಲ್ಲ. ಗಂಟಲು ಹರಿಯುವ ಹಾಗೆ ಕೂಗಿ ಹೇಳಿದೆ. ಬೀದಿಯವರೂ ಬಾಗಿಲಿಗೆ ಬಂದು ನಿಂತರು. ಅವಳು ನನ್ನ ಬಾಯಿಯನ್ನೇ ನೋಡುತ್ತ, ಮುಗಿಯುವ ತನಕ ಕಾದಳು. ಆಮೇಲೆ ಮಗನ ಕಡೆ ತಿರುಗಿ "ಏನಂತವ್ನೆ?" ಎಂದು ಕೇಳಿದಳು.

ಪುಟ್ಟೇಗೌಡ ಅಷ್ಟು ದಿನದ ಮೇಲೆ ಮೊದಲ ಸಲ ನನ್ನ ಮುಖ ನೋಡಿದ. ಅವ್ವನ ಕೈಯನ್ನು ತನ್ನ ಕೈಯಲ್ಲಿ ತಗೊಂಡು, ಏನೂ ಇಲ್ಲ ಎಂದು ತಲೆಯಾಡಿಸಿದ.